ಎದುರಿನವರ ವಕಾಲತ್ತು

ನಮ್ಮ ವಕೀಲರು ಮೊದಲ ಚುನಾವಣೆಯಲ್ಲಿ ಸೋತದ್ದು ಜಾತಿಯ ಲೆಕ್ಕಾಚಾರದಿಂದ ಎಂದು ಕಮಲಾಪುರದಲ್ಲಿ ಇಂದಿಗೂ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಅವರು ಭಾಷಣ ಮಾಡಿದ ಆ ಸಂಜೆ ಸಂತೆಯ ಬಯಲಿನಲ್ಲಿ ಇರಲಿಲ್ಲ. ಕೆಲವರಂತೂ ಆಗಿನ್ನೂ ಹುಟ್ಟಿರಲಿಲ್ಲ. ನಾನು ಇದ್ದೆ. ವೇದಿಕೆಯೆಂದು ಜೋಡಿಸಿ ನಿಲ್ಲಿಸಿದ್ದ ಎರಡು ಚಕ್ಕಡಿಗಳಲ್ಲಿ ಒಂದು ನನ್ನದೇ. ಅವರು ಸೋತದ್ದು ಬಸ್ಸಿನ ವೇಳೆಯಿಂದ. ಈ ಮಾತು ಕೇಳಿದವರು ನಗುತ್ತಾರೆ, ನಗಲಿ. ‘ಎಲ್ಲರಿಗೂ ಗೊತ್ತಿರುವ ಹಾಗೆ’ ಎಂದು ಯಾರಾದರೂ ಮಾತು ತೆಗೆದರೆ ಅಲ್ಲಿಂದ ಮುಂದೆ ನನಗೆ ನಂಬಿಕೆ ಬರುವುದಿಲ್ಲ. ಇದು ನನ್ನ ಹಳೆಯ ರೋಗ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಉರ್ದುವಿನಲ್ಲಿ ಓದಿದೆ. ಕನ್ನಡ ಅಕ್ಷರಗಳನ್ನು ದೊಡ್ಡವನಾದ ಮೇಲೆ, ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿದ ಕಾಗದಗಳಲ್ಲಿ, ಯಾರ ನೆರವೂ ಇಲ್ಲದೆ ಕಲಿತೆ. ಹಾಗೆ ಕಲಿತವನಿಗೆ ಪರರ ಬಾಯಿಂದ ಬಂದ ಅರ್ಥ ಸಾಲುವುದಿಲ್ಲ.

ವಕೀಲರ ಪರಿಚಯವಾದದ್ದು ಎಂಬತ್ತರ ದಶಕದ ಆರಂಭದಲ್ಲಿ, ಒಂದು ಹೊಲದ ದಾವೆಯ ಕಾರಣದಿಂದ. ನನ್ನ ತಂದೆ ಮತ್ತು ಅವರ ತಮ್ಮ, ಅಂದರೆ ನನ್ನ ಕಾಕಾ, ಪಾಲಾದಾಗ ಕಾಗದವೇನೂ ಬರೆದಿರಲಿಲ್ಲ. ‘ಬಾವಿಯ ಕಾಲುವೆಯೇ ಗಡಿ, ಆಚೆಯದು ನಿನಗೆ, ಈಚೆಯದು ನನಗೆ’ ಎಂದು ಹಿರಿಯರ ಮುಂದೆ ಆಡಿದ ಮಾತು, ಅಷ್ಟೇ. ಮುಂದೆ ತಂದೆ ಕೆಂಪು ಬಾಳೆಯ ತೋಟವನ್ನು ಹಿಗ್ಗಿಸಿ ಕಾಲುವೆಯನ್ನು ಹೊಸದಾಗಿ ತೋಡಿಸಿದರು. ತೋಟದ ಬಳಿ ಮಾತ್ರ ಅದು ಸರಿಯಿತು, ಹುಮನಾಬಾದ್ ರಸ್ತೆಯ ಬದಿಗೆ ಮೊದಲು ಎಲ್ಲಿತ್ತೋ ಅಲ್ಲಿಯೇ ಹರಿಯಿತು ಎಂಬುದು ನಮ್ಮ ವಾದ. ಇಲ್ಲ, ರಸ್ತೆಯ ಬದಿಗೂ ಅದು ತಮ್ಮ ಕಡೆ ಸರಿದು ಒಂದು ಪಟ್ಟಿ ಭೂಮಿಯನ್ನು ನುಂಗಿತು ಎಂಬುದು ವರಸೆಯಲ್ಲಿ ನನಗೆ ತಮ್ಮನಾಗುವ ಕಾಕಾನ ಮಗನ ವಾದ. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಬಿತ್ತುವ ಹಕ್ಕು ಅವನಿಗೂ ಇಲ್ಲ, ನನಗೂ ಇಲ್ಲ. ಆ ಕಲ್ಲುಪಟ್ಟಿಯ ಮೇಲೆ ಜಾಲಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯಿತು.

ವಕೀಲರ ಕಚೇರಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಕೆಳಗೆ ಥಾನಿನಿಂದ ಬಟ್ಟೆ ಹರಿಯುವ ಸದ್ದು ಕೇಳುತ್ತಲೇ ಇರುತ್ತಿತ್ತು. ಅವರು ನನಗಿಂತ ಹತ್ತು ವರ್ಷ ಕಿರಿಯರು. ಮಾತು ಕಡಿಮೆ, ಕೇಳುವುದು ಹೆಚ್ಚು. ಮೊದಲ ದಿನ ನಾನು ನನ್ನ ಪಕ್ಷವನ್ನೆಲ್ಲ ಹೇಳಿ ಮುಗಿಸುವವರೆಗೆ ತುಟಿ ಬಿಚ್ಚಲಿಲ್ಲ.

“ಛಂದ ಹೇಳಿದ್ರಿ ಅಣ್ಣಾರ,” ಎಂದರು. “ಈಗ ನಿಮ್ಮ ತಮ್ಮಂದು ಹೇಳ್ರಿ.”

“ಅವಂದೇನು ಹೇಳೂದದ್ರಿ? ಅವ ಹೇಳೂದೆಲ್ಲ ಸುಳ್ಳ.”

“ಸುಳ್ಳಾದ್ರೂ ಹೇಳ್ರಿ. ಜಡ್ಜ್ ಸಾಹೇಬ್ರು ಅದನ್ನೂ ಕೇಳ್ತಾರ.”

ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಅರ್ಧದಾರಿಗೆ ಬಂದು ಯೋಚಿಸಿ ಮರಳಿ ಹತ್ತಿದೆ. ಆದರೆ ಆ ಮಾತನ್ನು ಆಡಲಿಲ್ಲ. ಅವರೂ ಒತ್ತಾಯಿಸಲಿಲ್ಲ, ಕಾಕಾನ ಮಗನ ಪಕ್ಷವನ್ನು ತಾವೇ ಕಲ್ಪಿಸಿಕೊಂಡು ಬರೆದುಕೊಂಡರು. ಇದು ನನ್ನೊಬ್ಬನಿಗೆ ಇಟ್ಟ ಪರೀಕ್ಷೆಯಲ್ಲವೆಂದು ನಂತರ ತಿಳಿಯಿತು. ಯಾವ ಕಕ್ಷಿದಾರ ಬಂದರೂ ಎದುರಿನವನ ವಕಾಲತ್ತನ್ನು ಮೊದಲು ಅವನ ಬಾಯಿಂದಲೇ ಹೇಳಿಸುವುದು ಅವರ ಕ್ರಮವಾಗಿತ್ತು. ನ್ಯಾಯಾಲಯದಲ್ಲಿಯೂ ಹಾಗೆಯೇ. ಎದುರು ವಕೀಲರು ಹೇಳಬೇಕಾದುದನ್ನು ಅವರಿಗಿಂತ ಚೆನ್ನಾಗಿ ಇವರೇ ಹೇಳಿ, ‘ಆದರೆ’ ಎಂದು ನಿಲ್ಲಿಸಿ, ಆಮೇಲೆ ಒಂದೊಂದೇ ಇಟ್ಟಿಗೆಯನ್ನು ಎಳೆಯುತ್ತಿದ್ದರು. ಪೇಶಿಯ, ಅಂದರೆ ವಿಚಾರಣೆಯ, ದಿನಗಳಲ್ಲಿ ನನ್ನ ಕೆಲಸವಿಲ್ಲದಿದ್ದರೂ ಕುಳಿತು ಕೇಳುತ್ತಿದ್ದೆ. ಕಾನೂನು ಎಂದು ನಾನೇನಾದರೂ ಕಲಿತಿದ್ದರೆ ಅದು ಆ ‘ಆದರೆ’ಯ ಆಚೀಚೆ ಕಲಿತದ್ದು.

ಒಂದು ರಾಜಕೀಯ ಪಕ್ಷದವರು ಇವರನ್ನು ಹಿಡಿದು ನಮ್ಮ ಕಡೆಯಿಂದ ಚುನಾವಣೆಗೆ ನಿಲ್ಲಿಸಿದಾಗ ನಡೆದ ತಪ್ಪು ಇಲ್ಲಿಂದಲೇ ಹುಟ್ಟಿತು. ಸಂತೆಯ ದಿನದ ಸಂಜೆ, ಸುತ್ತಲಿನ ಹಳ್ಳಿ, ತಾಂಡಾಗಳ ಜನ ಚೀಲ ಕಟ್ಟಿಕೊಂಡು ನಿಂತಿದ್ದರು. ವಕೀಲರು ಚಕ್ಕಡಿ ಏರಿ, ತಮ್ಮ ಎದುರಾಳಿಯ ಗುಣಗಳಿಂದ ಮಾತು ಆರಂಭಿಸಿದರು. ಅವರು ಹಳ್ಳಕ್ಕೆ ಒಡ್ಡು ಕಟ್ಟಿಸಿದ್ದು, ತಾಂಡಾಕ್ಕೆ ವಿದ್ಯುತ್ ತಂದದ್ದು, ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸದಿರುವುದು, ಒಂದನ್ನೂ ಬಿಡಲಿಲ್ಲ. ಜನ ತಲೆದೂಗಿದರು. ನ್ಯಾಯಾಧೀಶರು ಮಾತು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಸಂತೆಯ ಜನಕ್ಕೆ ಕೊನೆಯ ಬಸ್ಸು ಇರುತ್ತದೆ. ಚಾಲಕ ಹಾರ್ನ್ ಬಾರಿಸಿದ, ಬಯಲು ಅಲುಗಾಡಿತು, ಕೋಳಿ, ಚೀಲ, ಮಕ್ಕಳ ಸಮೇತ ಜನ ಓಡಿದರು. ವಕೀಲರು ‘ಆದರೆ’ ಎನ್ನುವ ಹೊತ್ತಿಗೆ ಉಳಿದವರು ಪಕ್ಷದ ಕಾರ್ಯಕರ್ತರು, ಒಬ್ಬ ಶೇಂಗಾ ಮಾರುವವನು, ಎತ್ತುಗಳು ಮತ್ತು ನಾನು.

ಮುಂದಿನ ಸಂತೆಯಲ್ಲಿ ಒಬ್ಬ ಮುದುಕಿ ನನ್ನ ಬಾಳೆಗೊನೆಯ ಮುಂದೆ ನಿಂತು, “ನಿಮ್ಮ ವಕೀಲ ಭಾಳ ಛಲೋ ಮಾತಾಡ್ದ ನೋಡಪ್ಪಾ. ಅವ ಯಾರಿಗಿ ಹೇಳ್ಯಾನೋ ಅವರಿಗೇ ಓಟು ಹಾಕ್ತೀವಿ,” ಎಂದಳು. ಹಾಕಿಯೂ ಇರಬೇಕು.

ಮುಂದಿನ ಚುನಾವಣೆಯಲ್ಲಿ ಅವರು ಗೆದ್ದರು. ರಾಜ್ಯದಲ್ಲೆಲ್ಲ ಗಾಳಿ ಬೀಸಿತ್ತು, ಅದರಲ್ಲಿ ಇವರೂ ತೂರಿಕೊಂಡು ಹೋದರು ಎನ್ನುತ್ತಾರೆ. ಗಾಳಿ ಬೀಸಿರಲಿಲ್ಲವೆಂದು ನಾನು ಹೇಳಲಾರೆ. ನಾನು ಕಂಡದ್ದು ಇಷ್ಟು: ಈ ಸಲ ಅವರು ತಮ್ಮ ಮಾತನ್ನು ಮೊದಲು ಹೇಳಿದರು. ಎದುರಾಳಿಯ ಪಕ್ಷವನ್ನು ಬಿಡಲೂ ಇಲ್ಲ. ಬಸ್ಸು ಹೋದ ಮೇಲೆ, ಊರಿನಲ್ಲೇ ಉಳಿಯುವ ನಮಗೆ ಅದನ್ನು ನಿಧಾನವಾಗಿ ವಿವರಿಸಿದರು.

ಗೆದ್ದ ಮೇಲೆ ತಮ್ಮ ಕೈಯಲ್ಲಿದ್ದ ದಾವೆಗಳನ್ನೆಲ್ಲ ಬೇರೆ ವಕೀಲರಿಗೆ ಒಪ್ಪಿಸಿದರು, ನನ್ನದನ್ನೂ. ಕುರ್ಚಿ ಸಿಕ್ಕ ಕೂಡಲೇ ನಮ್ಮನ್ನು ಕೈಬಿಟ್ಟರೆಂದು ನಾನು ಕಲಬುರಗಿಗೆ ಹೋಗಿ ಮುಖದ ಮೇಲೆಯೇ ಕೇಳಿದೆ. “ಈಗ ನಾ ನಿಮ್ಮ ತಮ್ಮನ ಎಮ್ಮೆಲ್ಲೆನೂ ಹೌದಲ್ರಿ ಅಣ್ಣಾರ,” ಎಂದರು. ಆ ಉತ್ತರ ಆಗ ನನಗೆ ಸ್ವಲ್ಪವೂ ರುಚಿಸಲಿಲ್ಲ.

ಕಲಬುರಗಿಯ ಐವಾನ್-ಎ-ಶಾಹಿ ಸರ್ಕಾರಿ ಅತಿಥಿಗೃಹದಲ್ಲಿ ಅವರು ಜನರನ್ನು ಕಾಣುತ್ತಿದ್ದರು. ಅಲ್ಲಿಯೂ ಅದೇ ಕ್ರಮ. ವರ್ಗಾವಣೆ ಬೇಡಿ ಬಂದ ಮಾಸ್ತರನಿಗೆ, ಆ ಜಾಗದಲ್ಲಿ ಈಗಿರುವ ಮಾಸ್ತರ ಅಲ್ಲಿಯೇ ಏಕೆ ಇರಬೇಕೆಂದು ಮೊದಲು ಹೇಳಲು ಹೇಳುತ್ತಿದ್ದರು. ಕೆಲವರು ಹೇಳುತ್ತ ಹೇಳುತ್ತ ತಾವೇ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡದ್ದನ್ನು ಕಂಡಿದ್ದೇನೆ. ಹೆಚ್ಚಿನವರು ಸಿಟ್ಟಾಗಿ, ಕೆಲಸ ಮಾಡಿಕೊಡುವ ಮತ್ತೊಬ್ಬ ನಾಯಕನನ್ನು ಹುಡುಕಿಕೊಂಡರು. ಎಮ್ಮೆಲ್ಲೆಗೆ ಸೊಕ್ಕು ಬಂದಿದೆ ಎಂಬ ಮಾತು ಕಮಲಾಪುರದವರೆಗೂ ಬಂತು.

ನನಗೆ ಅವರಿಂದ ಬೇಕಾಗಿದ್ದದ್ದು ಒಂದೇ: ನಮ್ಮೂರಿಗೆ ಪಿಯು ಕಾಲೇಜು.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹತ್ತನೆಯದು ಮುಗಿಸಿ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹೋಗುವುದು ಸುಲಭ, ಬರುವುದು ಕಷ್ಟ. ಸಂಜೆಯ ಎಕ್ಸ್‌ಪ್ರೆಸ್ ಬಸ್ಸುಗಳ ನಿರ್ವಾಹಕರು ಕಮಲಾಪುರದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಊರಿನಲ್ಲಿ ನಿಲ್ಲುವ ಬಸ್ಸು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮಳೆಗಾಲದಲ್ಲಿ ಅದು ಇನ್ನೂ ತಡವಾಗುತ್ತಿತ್ತು. ನನ್ನ ಹೆಂಡತಿ ರಸ್ತೆಗೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಸಾಕೆಂದಳು. ದೊಡ್ಡವಳು ಪುಸ್ತಕಗಳನ್ನು ಒಂದು ಹಳೆಯ ಟಾವೆಲಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಮರುವರ್ಷ ಅವಳ ಮದುವೆಯಾಯಿತು. ಸಣ್ಣವಳು ಇದನ್ನೆಲ್ಲ ನೋಡಿದ್ದಳು. ಅವಳು ಹತ್ತನೆಯ ತರಗತಿಗೆ ಬಂದಾಗ ತಾಯಿಗೆ ಹೇಳಿದ್ದಳಂತೆ: “ಅಕ್ಕನ ಹಂಗ ನಾ ಅರ್ಧಕ್ಕ ಬಿಡಂಗಿಲ್ಲ. ಕಲಿಸಿದ್ರ ಪೂರಾ ಕಲಿಸು, ಇಲ್ಲಂದ್ರ ಈಗೇ ಹೇಳು.” ಇದನ್ನು ನನಗೆ ಹೇಳಿ ತಾಯಿ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ಕಳಿಸುವ ಧೈರ್ಯ ಮನೆಯಲ್ಲಿ ಮುಗಿದಿತ್ತು. ಕಾಲೇಜು ಊರಿಗೆ ಬಾರದಿದ್ದರೆ ಇವಳ ಪುಸ್ತಕಗಳೂ ಅಟ್ಟ ಹತ್ತುತ್ತಿದ್ದವು.

ಕಾಲೇಜು ತರುತ್ತೇನೆಂದು ಮಾತು ಕೊಡಿ ಎಂದು ನಾನು ವಕೀಲರನ್ನು ಕೇಳಿದೆ. ಗೆಲ್ಲಿಸಿಕೊಡುತ್ತೇನೆ ಎಂದು ಹೇಳುವ ವಕೀಲನ ಬಳಿಗೆ ಹೋಗಬೇಡಿ ಎಂದು ಹಿಂದೆ ನಾನೇ ನಿಮಗೆ ಹೇಳಿರಲಿಲ್ಲವೇ ಎಂದರು. ನಾನು ಸಿಟ್ಟಿನಿಂದ ಮರಳಿದೆ.

ಶಾಸನಸಭೆಯಲ್ಲಿ ಅವರು ಮೇಜು ಗುದ್ದಿ, ರಾಜೀನಾಮೆಯ ಬೆದರಿಕೆ ಹಾಕಿ ಕಾಲೇಜು ತಂದರು ಎಂಬ ಕಥೆಯೊಂದಿದೆ. ಆ ಸಭೆಯಲ್ಲಿ ನಾನಿರಲಿಲ್ಲ, ಹಾಗಾಗಿ ಪ್ರಮಾಣ ಮಾಡಲಾರೆ. ಅವರನ್ನು ಕೇಳಿದಾಗ ನಕ್ಕು, ತಾವು ಎದ್ದು ನಿಂತು ಹೇಳಿದ್ದು ಮಂತ್ರಿಗಳ ಪಕ್ಷವನ್ನೇ ಎಂದರು. ಕಮಲಾಪುರಕ್ಕೆ ಕಾಲೇಜು ಏಕೆ ಕೊಡಬಾರದು, ಕಲಬುರಗಿ ಹತ್ತಿರವಿದೆ, ಹುಡುಗರ ಸಂಖ್ಯೆ ಕಡಿಮೆ, ಹೀಗೆ ಇಲಾಖೆಯ ಎಲ್ಲ ಕಾರಣಗಳನ್ನೂ ತಾವೇ ಹೇಳಿಬಿಟ್ಟರಂತೆ. ಉತ್ತರಕ್ಕೆ ಏನೂ ಉಳಿಯದೆ ಮಂತ್ರಿಗಳು ಕುಳಿತಲ್ಲೇ ನಕ್ಕರಂತೆ, ಇವರ ‘ಆದರೆ’ ಮುಗಿದ ಮೇಲೆ ಕಾಲೇಜು ಮಂಜೂರು ಮಾಡಿದರಂತೆ. ಮೇಜು ಗುದ್ದುವವರ ಪೈಕಿ ಅವರಲ್ಲ ಎಂಬುದನ್ನಂತೂ ನಾನು ಬಲ್ಲೆ.

ಮಂಜೂರಿಗೆ ಒಂದು ಷರತ್ತು ಇತ್ತು. ರಸ್ತೆಗೆ ತಾಗಿದ, ತಕರಾರಿಲ್ಲದ ಜಾಗವನ್ನು ಊರವರು ಬೇಸಿಗೆ ಮುಗಿಯುವುದರೊಳಗೆ ಬರೆದುಕೊಡಬೇಕು. ಇಲ್ಲವಾದರೆ ಕಾಲೇಜು ಬೇರೆ ಊರಿಗೆ. ಊರಿನ ಸುತ್ತ ತೋರಿಸಿದ್ದೆಲ್ಲ ತಗ್ಗಿನ ಎರೆಭೂಮಿ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವಂಥದ್ದು. ಗಟ್ಟಿ ನೆಲವೆಂದರೆ ಒಂದೇ: ಜಾಲಿ ಬೆಳೆದ ನಮ್ಮ ಪಟ್ಟಿ. ತಕರಾರಿಲ್ಲದ್ದು ಎಂಬ ಮಾತು ಅದಕ್ಕೊಂದಕ್ಕೇ ಹೊಂದುವಂತಿರಲಿಲ್ಲ.

ವಕೀಲರು ಕಮಲಾಪುರಕ್ಕೆ ಬಂದವರು ಮೊದಲು ಕಾಕಾನ ಮಗನ ಮನೆಗೆ ಹೋದರು. ಈ ಸುದ್ದಿ ನನಗೆ ಮುಟ್ಟಿದಾಗ ಉಣ್ಣುತ್ತಿದ್ದ ರೊಟ್ಟಿ ರುಚಿ ಕೆಟ್ಟಿತು. ಅಲ್ಲಿ ನಡೆದದ್ದನ್ನು ಕಾಕಾನ ಮಗನೇ ನಂತರ ಹೇಳಿದ್ದಾನೆ. ಇವರು ಅಣ್ಣನ ವಕೀಲರು, ಕಾಲೇಜಿನ ಹೆಸರಲ್ಲಿ ಭೂಮಿ ಹೊಡೆಯಲು ಬಂದಿದ್ದಾರೆಂದು ಅವನು ಕುರ್ಚಿಯನ್ನೂ ಕೊಟ್ಟಿರಲಿಲ್ಲ. ಇವರು ಕಟ್ಟೆಯ ಮೇಲೆ ಕುಳಿತು, ಅವನ ದಾವೆಯನ್ನು ಅವನಿಗೇ ಹೇಳತೊಡಗಿದರು: ಕಾಲುವೆ ತೋಡಿದ ವರ್ಷ ಅವನ ತಂದೆ ಕಾಯಿಲೆಯಿಂದ ಮಲಗಿದ್ದು, ಕೇಳುವವರಿಲ್ಲದ ಹೊತ್ತಿನಲ್ಲಿ ಆಳುಗಳು ಸಲಿಕೆ ಹಾಕಿದ್ದು, ಹುಡುಗನಾಗಿದ್ದ ಅವನು ಗಡಿಯ ಮೇಲೆ ನಿಂತು ನೋಡಿದ್ದು. ತನ್ನ ವಕೀಲನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದುಕೊಂಡನಂತೆ. ಒಳಗೆ ಕೂಗಿ ಚಹಾ ತರಿಸಿದನಂತೆ.

ಆಮೇಲೆ ನಮ್ಮ ಮನೆಗೆ ಬಂದರು. ಹೆಂಡತಿ ಚಹಾ ಇಟ್ಟಳು. ಸಣ್ಣವಳು ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕುಳಿತಿದ್ದಳು.

“ಅಣ್ಣಾರ, ಹಳೇ ಬಾಕಿ ಒಂದದ,” ಎಂದರು ವಕೀಲರು. “ನಿಮ್ಮ ತಮ್ಮಂದು ಹೇಳ್ರಿ. ಈ ಸಲ ನನಗಲ್ಲ, ಅವನ ಮುಂದ ಹೇಳಬೇಕು. ಅವನೂ ನಿಮ್ದು ಹೇಳ್ತಾನ. ಆಮ್ಯಾಲ ಭೂಮಿ ಕೊಡೂದು ಬಿಡೂದು ನಿಮಗ ಬಿಟ್ಟದ್ದು.”

ನನ್ನಿಂದಾಗದೆಂದೆ. ಅವನ ಮಾತು ನನ್ನ ನಾಲಿಗೆಯ ಮೇಲೆ ಬಾರದೆಂದೆ. ಇಷ್ಟು ವರ್ಷ ಪೇಶಿಗೆ ತಿರುಗಿದ್ದು ಅವನ ಸುಳ್ಳನ್ನು ಬಾಯಿಪಾಠ ಒಪ್ಪಿಸುವುದಕ್ಕಲ್ಲವೆಂದೆ. ಭೂಮಿ ಬೇಕಾದರೆ ನನ್ನದೆಂದು ಒಪ್ಪಿಕೊಳ್ಳಲಿ, ಆ ಕ್ಷಣವೇ ಕಾಲೇಜಿಗೆ ಬರೆದುಕೊಡುತ್ತೇನೆಂದೆ. ವಕೀಲರು ಚಹಾದ ಬಟ್ಟಲನ್ನೇ ನೋಡುತ್ತಿದ್ದರು. ಕಾಕಾನ ಮಗನೂ ಇದೇ ಮಾತನ್ನು ಹೇಳಿ ಕಳಿಸಿದ್ದನೆಂದು ಕಾಣುತ್ತದೆ.

ಸಣ್ಣವಳು ಮೊರವನ್ನು ಕೆಳಗಿಟ್ಟಳು.

“ಅಪ್ಪಾ, ನೀ ದಿನಾ ಕಾಕಾಂದು ಹೇಳ್ತಿಯಲ್ಲ.” ಅವಳಿಗೆ ಕಾಕಾ ಎಂದರೆ ನನ್ನ ಕಾಕಾನ ಮಗ.

“ನಾ ಯಾವಾಗ ಹೇಳೀನಿ?”

“ಬಯ್ಯೂ ಮುಂದ ಹೇಳ್ತಿ. ‘ಅಪ್ಪ ಜಡ್ಡಿಲೆ ಮಲಗಿದ್ದ ಅಂತಾನ, ಕಾಲುವಿ ಸರಿಸ್ಯಾರ ಅಂತಾನ, ಗಡಿ ಮ್ಯಾಲ ನಿಂತು ನೋಡೀನಿ ಅಂತಾನ.’ ಎಲ್ಲಾ ಬರ್ತದ ನಿನಗ. ಬೈಗುಳ ತಗದು ಹೇಳು, ಅಷ್ಟೇ.”

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ವಕೀಲರು ನಗಲಿಲ್ಲ; ನಕ್ಕಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಮಗಳು ಮತ್ತೆ ಮೊರ ಎತ್ತಿಕೊಂಡಳು. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡತೊಡಗಿದಳು. ಅವಳು ಆ ಮಾತನ್ನು ಧೈರ್ಯದಿಂದಲ್ಲ, ಭಯದಿಂದ ಆಡಿದ್ದಳೆಂದು ಆಗ ನನಗೆ ಕಂಡಿತು. ಬೇಸಿಗೆ ಮುಗಿಯುತ್ತ ಬಂದಿತ್ತು.

ಮರುದಿನ ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಸೇರಿದೆವು: ನಾನು, ಕಾಕಾನ ಮಗ, ನಡುವೆ ವಕೀಲರು. ನಾನು ಹೇಳಿದೆ. ಬೈಗುಳ ತೆಗೆದು ಹೇಳುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಪ್ರತಿ ವಾಕ್ಯದ ಕೊನೆಗೆ ಅದು ತಾನಾಗಿ ಬಂದು ನಿಲ್ಲುತ್ತಿತ್ತು, ನುಂಗಬೇಕಾಗುತ್ತಿತ್ತು. ಅಪ್ಪ ಮಲಗಿದ್ದಾಗ ಗಡಿಯ ಮೇಲೆ ಒಬ್ಬನೇ ನಿಂತ ಹುಡುಗನ ಬಳಿಗೆ ಬಂದಾಗ ಮಾತ್ರ ನುಂಗುವುದಕ್ಕೆ ಏನೂ ಇರಲಿಲ್ಲ. ಕಾಕಾನ ಮಗ ಬಾವಿಯೊಳಗೆ ನೋಡುತ್ತಿದ್ದ.

ಅವನ ಸರದಿ ಬಂತು. ನನ್ನ ಪಕ್ಷವನ್ನು ಅವನು ಅತಿ ಕೆಟ್ಟದಾಗಿ ಹೇಳಿದ. ತೋಟದ ಬಳಿಯ ತಿರುವನ್ನು ಮರೆತ, ಸಾಕ್ಷಿಯಾಗಿದ್ದ ಹಿರಿಯರನ್ನು ಬಿಟ್ಟ. ನನಗೆ ತಡೆಯಲಾಗಲಿಲ್ಲ, ಬಾಯಿ ಹಾಕಿ ತಿದ್ದಿದೆ.

“ಅಣ್ಣಾರ, ಇವತ್ತ ನೀವು ಅವರ ವಕೀಲರು,” ಎಂದರು ವಕೀಲರು. “ನಿಮ್ಮ ಕೇಸು ಅವರ ಕೈಯಾಗದ. ಸುಮ್ಮ ಕೂಡ್ರಿ.”

“ಸೋಲಸ್ತಾನ್ರಿ ಇವ ನನ್ನ,” ಎಂದೆ.

ಕಾಕಾನ ಮಗನಿಗೆ ನಗು ಬಂತು. ದಾವೆ ಹೂಡಿದಾಗಿನಿಂದ ನಾನು ಅವನ ನಗುವನ್ನು ಕಂಡಿರಲಿಲ್ಲ. “ಅಣ್ಣಾ, ನಿನ್ನ ಕೇಸು ಇರೂದೇ ಹಂಗದ, ನಾ ಏನು ಮಾಡ್ಲಿ,” ಎಂದ.

ಆದರೂ ಒಪ್ಪಂದವಾಗಲಿಲ್ಲ. ಭೂಮಿಯನ್ನು ಇಬ್ಬರೂ ಕೊಡಲು ಸಿದ್ಧ, ಕೊಟ್ಟವರು ಯಾರೆಂಬುದಕ್ಕೆ ಮಾತ್ರ ಇಬ್ಬರೂ ಸಿದ್ಧರಿಲ್ಲ. ನನ್ನದೆಂದು ನಾನು, ತನ್ನದೆಂದು ಅವನು. ಆಗ ವಕೀಲರು ತಮ್ಮ ಹಳೆಯ ವೃತ್ತಿಗೆ ಮರಳಿದರು. ಇಬ್ಬರೂ ಬೇರೆ ಬೇರೆ ದಾನಪತ್ರ ಬರೆಯಲಿ, ಎರಡರಲ್ಲೂ ಅದೇ ಪಟ್ಟಿ, ಅದೇ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೂ ಅದೇ ಗಡಿ. “ನಂದೂ ಅಂತ ಬರೀಬ್ಯಾಡ್ರಿ, ಅವಂದೂ ಅಂತ ಬರೀಬ್ಯಾಡ್ರಿ. ಇದರಾಗ ನನಗ ಎಷ್ಟು ಹಕ್ಕು ಅದನೋ ಅಷ್ಟೂ ಕಾಲೇಜಿಗಿ ಕೊಟ್ಟೀನಿ ಅಂತ ಇಬ್ಬರೂ ಬರೀರಿ. ಯಾರದಿದ್ರೂ ಕಾಲೇಜಿಗೇ ಹೋಗ್ತದ.” ಸೋಲನ್ನು ಒಪ್ಪಿಕೊಳ್ಳದೆ ದಾವೆಯನ್ನು ಮುಗಿಸುವ ಬಾಗಿಲು ಅದು. ಇಬ್ಬರೂ ಆ ಬಾಗಿಲಿನಿಂದ ತಲೆ ಬಗ್ಗಿಸದೆ ಹೊರಗೆ ಬಂದೆವು. ದಾವೆಯನ್ನು ಹಿಂದಕ್ಕೆ ಪಡೆದು, ದಾನಪತ್ರಗಳ ನೋಂದಣಿಗೆ ಕಲಬುರಗಿಗೆ ಒಂದೇ ಬಸ್ಸಿನಲ್ಲಿ ಹೋದೆವು, ಕೆಲಸ ಮುಗಿಸಿ ಒಂದೇ ಮೇಜಿಗೆ ಕುಳಿತು ಚುರುಮುರಿಯ ಸುಸಲಾ, ಮಿರ್ಚಿ ತಿಂದೆವು. ಕಾಲುವೆಯ ಮಾತನ್ನು ಇಬ್ಬರೂ ತೆಗೆಯಲಿಲ್ಲ.

ಆ ಜೂನಿನಲ್ಲಿ ಹೈಸ್ಕೂಲಿನ ಎರಡು ಕೋಣೆಗಳಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ತರಗತಿಗಳು ಆರಂಭವಾದವು. ಕಟ್ಟಡ ಏಳುವುದಕ್ಕೆ ಇನ್ನೂ ಕಾಲ ಹಿಡಿಯಿತು. ಸಣ್ಣವಳು ಮೊದಲ ತಂಡದಲ್ಲಿ ಸೇರಿದಳು. ಕಾಕಾನ ಮಗನ ಮಗಳೂ ಅದೇ ಬೆಂಚಿನಲ್ಲಿ ಕುಳಿತಳು. ಎರಡು ವರ್ಷ ಪೂರ್ತಿಯಾದ ಮೇಲೆ ಮುಂದಕ್ಕೆ ಕಳಿಸುವ ಮಾತನ್ನು ತೆಗೆದವಳು ನನ್ನ ಹೆಂಡತಿಯೇ. ಕಲಬುರಗಿಯಲ್ಲಿ ವಸತಿನಿಲಯ ಹುಡುಕಿ ಬಂದವಳೂ ಅವಳೇ. ಸಣ್ಣವಳು ಈಗ ಆಳಂದದ ಕಡೆ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ದೊಡ್ಡವಳು ತನ್ನ ಮಗಳ ಜೊತೆಗೆ ಕುಳಿತು, ಮನೆಯಿಂದಲೇ ಪರೀಕ್ಷೆ ಕಟ್ಟಿ ಪಿಯು ಮುಗಿಸಿದಳು. ಅಟ್ಟದ ಮೇಲಿನ ಗಂಟನ್ನು ಇಳಿಸಿಕೊಟ್ಟವನು ನಾನು. ಟಾವೆಲನ್ನು ಇಲಿ ಕಡಿದಿತ್ತು, ಪುಸ್ತಕಗಳು ಗಟ್ಟಿಯಾಗಿದ್ದವು.

ವಕೀಲರು ಮುಂದೊಂದು ಚುನಾವಣೆಯಲ್ಲಿ ಸೋತರು. ಕಪ್ಪು ಕೋಟು ತೊಟ್ಟು ಮತ್ತೆ ಆ ಮಾಳಿಗೆಯ ಮೆಟ್ಟಿಲು ಹತ್ತಿದರು. ಜನ ಅವರನ್ನು ಮರೆತರು ಎಂಬುದೂ ನಾನು ನಂಬದ ಇನ್ನೊಂದು ಮಾತು. ಎರಡು ಸಾವಿರದ ಇಸವಿ ಕಳೆದ ಮೇಲೂ ಅವರ ಕಚೇರಿಯ ಬೆಂಚಿನ ಮೇಲೆ ನನಗೆ ಜಾಗ ಸುಲಭವಾಗಿ ಸಿಗುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮಿಬ್ಬರನ್ನೂ ದಾನಿಗಳೆಂದು ವೇದಿಕೆಯ ಮೇಲೆ ಕೂಡಿಸಿದ್ದರು. ವಕೀಲರು ಮುಂದಿನ ಸಾಲಿನಲ್ಲಿದ್ದರು. ಆಗಿನ ಶಾಸಕರು ಈ ಇಬ್ಬರು ಸಹೋದರರ ಕಾಲಿಗೆ ಬಿದ್ದು ಕಣ್ಣೀರಿಟ್ಟರು, ಸಹೋದರರು ಕರಗಿ ಭೂಮಿ ಕೊಟ್ಟರು ಎಂದು ಭಾಷಣಕಾರರೊಬ್ಬರು ಹೇಳಿದರು. ನಾನು ತಿದ್ದಲೆಂದು ಎದ್ದೆ. ಕಾಕಾನ ಮಗ ನನ್ನ ಅಂಗಿಯ ತುದಿ ಹಿಡಿದ.

“ಹೇಳಣ್ಣಾ, ಎಲ್ಲಾ ಹೇಳು. ಕಾಲುವಿ ಎಲ್ಲಿತ್ತು ಅಂತ ಮಾತ್ರ ಹೇಳಬ್ಯಾಡ. ಮತ್ತ ಪೇಶಿ ಸುರು ಆಗ್ತದ.”

ಕಾಲುವೆ ನಾನು ಹೇಳಿದಲ್ಲೇ ಇತ್ತು. ಇದನ್ನು ಈಗಲೂ ಬರೆದಿಡುತ್ತೇನೆ. ಅವನು ಬರೆದರೆ ಬೇರೆ ಬರೆದಾನು, ಅದೂ ನನಗೆ ಬಾಯಿಪಾಠವಿದೆ. ಆ ದಿನ ನಾನು ಹೇಳಿದ್ದು ಇಷ್ಟೇ: ಯಾರೂ ಕಾಲಿಗೆ ಬೀಳಲಿಲ್ಲ, ಯಾರೂ ಕರಗಲಿಲ್ಲ, ಒಬ್ಬರ ಮಾತನ್ನು ಒಬ್ಬರು ಹೇಳಿದೆವು. ಭಾಷಣಕಾರರಿಗೆ ಅದು ರುಚಿಸಲಿಲ್ಲ. ವಕೀಲರು ತಲೆಯಾಡಿಸಿದರು.

ಸಮಾರಂಭ ಮುಗಿದು ಕಾಲೇಜಿನ ಗೇಟಿನ ಬಳಿ ಬಂದಾಗ ಸಂಜೆಯಾಗಿತ್ತು. ಹುಡುಗಿಯರು ಗುಂಪು ಗುಂಪಾಗಿ ನಡೆದು ಊರೊಳಗೆ ಹೋಗುತ್ತಿದ್ದರು. ಕಲಬುರಗಿಯ ಕಡೆಯಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ಎಂದಿನಂತೆ ನಿಲ್ಲದೆ ಮುಂದೆ ಸಾಗಿತು. ಆ ಹುಡುಗಿಯರಲ್ಲಿ ಒಬ್ಬಳೂ ಅದರತ್ತ ತಿರುಗಿ ನೋಡಲಿಲ್ಲ.